ಆರನೇ ಸೆನ್ಸರ್

ಜನವರಿ 9

ತಮ್ಮಾ,

ನಿನ್ನ ಪತ್ರ ಬಂದು ಮೂರು ವಾರವಾಯಿತು. ಜೊತೆಗಿದ್ದ ಫಾರಂ ಕೂಡ ಬಂದಿದೆ. ಬೈಂಡಿಂಗ್ ಅಂಗಡಿಯಲ್ಲಿ ಹೊಸ ವರ್ಷದ ರಿಜಿಸ್ಟರುಗಳ ಕೆಲಸ ಇನ್ನೂ ಮುಗಿದಿಲ್ಲ. ಮನೆಗೆ ಬಂದ ಮೇಲೂ ಬೆರಳಿನ ಅಂಟು ಬಿಡುವುದಿಲ್ಲ, ಪೆನ್ನು ಹಿಡಿದರೆ ಪೆನ್ನೂ ಬಿಡುವುದಿಲ್ಲ. ತಡವಾದದ್ದಕ್ಕೆ ಅಷ್ಟೇ ಕಾರಣ ಅಂದುಕೋ.

ಒಂದು ವಿಷಯ ಕೇಳುವುದಿದೆ. ಹಿಂದಿನ ಬೀದಿಯಲ್ಲಿ ಪ್ರೂಫ್ ನೋಡುವವರ ಮನೆಗೆ ಹೋದ ತಿಂಗಳು ಹಾಡಹಗಲೇ ಕಳ್ಳರು ನುಗ್ಗಿದ್ದರು. ನನ್ನ ಮಗಳು ಶಾಲೆಯಿಂದ ಮೂರಕ್ಕೆ ಬರುತ್ತಾಳೆ, ನಾನು ಬರುವುದು ಆರಕ್ಕೆ. ನಿನ್ನ ಭಾವನ ಲಾರಿ ತಿಂಗಳಿಗೆ ಎರಡು ಸಲ ಈ ಕಡೆ ಬಂದರೆ ಹೆಚ್ಚು. ಅದಕ್ಕೇ ನಾವೇ ಜೋಡಿಸಿಕೊಳ್ಳುವಂಥ ಒಂದು ಅಲಾರಂ ಕಿಟ್ ತರಿಸಿದ್ದೇನೆ. ಒಂದು ಪ್ಯಾನೆಲ್, ಬಾಗಿಲು ಕಿಟಕಿಗಳಿಗೆ ಹಾಕುವ ಸೆನ್ಸರ್ ಆರು, ಯಾರಾದರೂ ಓಡಾಡಿದರೆ ಕಂಡುಹಿಡಿಯುವ ಗುಂಡಗಿನದು ಒಂದು, ಒಂದು ಸೈರನ್. ಜೊತೆಗೆ ಬಂದ ಪುಸ್ತಕದ ಹೊಲಿಗೆ ಎರಡನೇ ಸಲ ತೆರೆಯುವಷ್ಟರಲ್ಲೇ ಬಿಟ್ಟುಹೋಯಿತು. ಬರೆದವನಿಗಾದರೂ ಅದು ಅರ್ಥವಾಗಿದೆಯೋ ಇಲ್ಲವೋ.

ಹೊರಗಿನವರನ್ನು ಕರೆಸಿ ಹಾಕಿಸಲು ನನಗೆ ಮನಸ್ಸಿಲ್ಲ. ಯಾಕೆ ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ವಿದ್ಯೆ ನಮ್ಮ ಮನೆಯಲ್ಲಿ ಗೊತ್ತಿರುವುದು ನಿನ್ನೊಬ್ಬನಿಗೆ, ಅದೂ ಎರಡೂ ಕಡೆಯಿಂದ. ಎಲ್ಲಿ ಏನು ಹಾಕಬೇಕು ಅಂತ ಬರೆ. ಮನೆ ನೀನು ನೋಡಿದ ಹಾಗೇ ಇದೆ, ಏನೂ ಬದಲಾಗಿಲ್ಲ.

ಅಕ್ಕ

ಜನವರಿ 18

ಅಕ್ಕಾ,

ಮೂರು ಹೊತ್ತು ಉಣ್ಣುತ್ತಿದ್ದೇನೆ, ನೆಗಡಿ ಇಲ್ಲ. ಇಲ್ಲಿ ಅದಕ್ಕೇ ಕ್ಷೇಮ ಅನ್ನುತ್ತಾರೆ.

ಎಂಟು ವರ್ಷದಲ್ಲಿ ನೀನಾಗಿ ನನ್ನನ್ನು ಏನಾದರೂ ಕೇಳಿದ್ದು ಇದೇ ಮೊದಲು. ಪತ್ರ ಹಿಡಿದುಕೊಂಡು ಬಡಗಿ ಕೋಣೆಯಲ್ಲಿ ಎಲ್ಲರಿಗೂ ತೋರಿಸಿದೆ, ನಮ್ಮಕ್ಕ ನನ್ನ ಹತ್ತಿರ ಸಲಹೆ ಕೇಳಿದಾಳೆ ನೋಡ್ರೋ ಅಂತ. ಅಲಾರಂ ಹಾಕುವವನಾಗಿ ನಾನು ಇನ್ನೂರು ಮನೆ ಮಾಡಿದ್ದೇನೆ. ಅದರಲ್ಲಿ ಹನ್ನೊಂದಕ್ಕೆ ಕನ್ನ ಹಾಕಲು ವಾಪಸ್ ಹೋದೆ, ಹನ್ನೊಂದನೆಯದರಲ್ಲಿ ಆ ಯಜಮಾನರು ಮೆಟ್ಟಿಲ ಮೇಲೆ ಎದುರಾದರು. ಅದು ಬಿಡು. ಉಳಿದ ನೂರ ಎಂಬತ್ತೊಂಬತ್ತು ಮನೆಗಳಲ್ಲಿ ಜನ ಈಗಲೂ ನೆಮ್ಮದಿಯಿಂದ ನಿದ್ದೆ ಮಾಡುತ್ತಿದ್ದಾರೆ, ಅದು ನನ್ನ ಕೆಲಸ.

ಈಗ ಕಿವಿಗೊಟ್ಟು ಕೇಳು. ಸೈರನ್ ಮನೆಯ ಹೊರಗೆ, ಕುರ್ಚಿ ಹತ್ತಿದರೂ ಕೈಗೆಟುಕದಷ್ಟು ಮೇಲೆ. ಪ್ಯಾನೆಲ್ ಮುಂಬಾಗಿಲ ಪಕ್ಕ ಬೇಡ, ಕಿಟಕಿಯಿಂದ ಇಣುಕಿದರೆ ಕಾಣುತ್ತದೆ. ಅಡುಗೆಮನೆಗೆ ಹೋಗುವ ಓಣಿಯಲ್ಲಿ ಹಾಕು. ಸೆನ್ಸರಿಗೂ ಅದರ ಜೊತೆಯ ಅಯಸ್ಕಾಂತಕ್ಕೂ ನಡುವೆ ನಿನ್ನ ಕಿರುಬೆರಳಿನ ಅಗಲಕ್ಕಿಂತ ಕಡಿಮೆ ಜಾಗ ಇರಲಿ. ಬಾಗಿಲು ತೆರೆದು ಅವೆರಡೂ ದೂರವಾದಾಗಲೇ ಅದು ಕೂಗುವುದು. ಟೇಪನ್ನು ನಂಬಬೇಡ, ಸ್ಕ್ರೂ ಹಾಕು.

ಆರು ಸೆನ್ಸರ್ ಅಂದೆ. ಐದು ಸಾಕು. ಮುಂಬಾಗಿಲು, ಹಿತ್ತಿಲ ಬಾಗಿಲು, ಹಾಲಿನ ಕಿಟಕಿ, ಅಡುಗೆಮನೆ ಕಿಟಕಿ, ಒಳಕೋಣೆಯ ಕಿಟಕಿಯ ಬಲಗಡೆ ಕದ. ಎಡಗಡೆ ಕದಕ್ಕೆ ದಂಡ ಮಾಡಬೇಡ. ಅಪ್ಪ ಅದಕ್ಕೆ ಮೊಳೆ ಹೊಡೆದು ಬಣ್ಣ ಬಳಿದದ್ದು ನಾವು ಸಣ್ಣವರಿದ್ದಾಗ. ಆನೆ ತಳ್ಳಿದರೂ ತೆಗೆಯುವುದಿಲ್ಲ.

ಇಲ್ಲಿ ಪತ್ರಗಳನ್ನು ಓದಿ ಕಳಿಸುವ ಗುಮಾಸ್ತರು ಇಷ್ಟು ಬರೆದದ್ದನ್ನು ಮೊದಲು ತಡೆಹಿಡಿದರು. "ಏನಯ್ಯಾ, ಜೈಲಲ್ಲಿ ಕೂತ್ಕೊಂಡು ಪಾಠ ಹೇಳ್ತಿದ್ದೀಯಾ?" ಅಂದರು. ಕನ್ನ ಹಾಕೋ ಪಾಠ ಅಲ್ಲ ಸಾರ್, ತಡೆಯೋ ಪಾಠ ಅಂದೆ. ಪೂರ್ತಿ ಓದಿ, ಕನ್ನಡಕ ತೆಗೆದು, "ಸೈರನ್ ಎಷ್ಟು ಎತ್ತರದಲ್ಲಿರಬೇಕು ಅಂದೆ?" ಅಂತ ಮೆಲ್ಲಗೆ ಕೇಳಿದರು. ಅವರ ಮನೆಯದು ಕೈಗೇ ಸಿಗುತ್ತದಂತೆ.

ಫಾರಂ ಮರೆಯಬೇಡ ಅಕ್ಕಾ. ಅದರಲ್ಲಿರುವುದು ಒಂದೇ ಪ್ರಶ್ನೆ, ಹೊರಗೆ ಬಂದ ಮೇಲೆ ಇವನು ಯಾರ ಮನೆಯಲ್ಲಿ ಇರುತ್ತಾನೆ ಅಂತ. ನೀನು ಸಹಿ ಹಾಕಿದರೆ ಏಪ್ರಿಲ್ ಕೊನೆಗೆ ಬಿಡುತ್ತಾರೆ. ಇಲ್ಲದಿದ್ದರೆ ಹತ್ತು ವರ್ಷದ ಪೂರ್ತಿ ಶಿಕ್ಷೆ, ಅಂದರೆ ಇನ್ನೆರಡು ವರ್ಷ ಇಲ್ಲೇ. ನನಗೆ ಇನ್ಯಾರಿದ್ದಾರೆ ಹೇಳು.

ನಿನ್ನ ಮಗಳಿಗೆ, ನನ್ನ ಮೆಣಸಿಗೆ, ಒಂದು ಮುತ್ತು. ಈಗಲೂ ಅಷ್ಟೇ ಖಾರವೇ?

ತಮ್ಮ

ಫೆಬ್ರವರಿ 2

ತಮ್ಮಾ,

ನೀನು ಹೇಳಿದ ಹಾಗೇ ಮಾಡಿದೆ. ಎರಡು ಭಾನುವಾರ ಹಿಡಿಯಿತು. ಅಳತೆ ತಪ್ಪುವುದು ನನ್ನ ಕೈಗೆ ಗೊತ್ತಿಲ್ಲ, ಆದರೆ ಗೋಡೆಗೆ ತೂತು ಕೊರೆಯುವುದು ರಟ್ಟಿಗೆ ತೂತು ಹಾಕಿದಂತಲ್ಲ. ಹಾಲಿನ ಗೋಡೆಯಲ್ಲಿ ಎರಡು ಕಡೆ ಗಾರೆ ಉದುರಿ ಹೋಯಿತು. ಮಗಳು ಸ್ಟೂಲ್ ಹಿಡಿದುಕೊಂಡು, "ಅಮ್ಮ, ಕಳ್ಳರು ಬರೋಕೆ ಮುಂಚೆ ನೀನೇ ಮನೆ ಬೀಳಿಸ್ತೀಯ" ಅಂದಳು.

ಮೊದಲ ದಿನ ಫ್ಯಾನಿನ ಗಾಳಿಗೆ ಪರದೆ ಅಲುಗಾಡಿ, ಗುಂಡಗಿನದು ಅದನ್ನೇ ಕಳ್ಳ ಅಂದುಕೊಂಡು ಬೀದಿಯೆಲ್ಲ ಕೇಳುವ ಹಾಗೆ ಅರಚಿತು. ಎದುರುಮನೆಯವರು ಸೌಟು ಹಿಡಿದು ಓಡಿ ಬಂದರು. ಅವರ ಧೈರ್ಯಕ್ಕೆ ಮೆಚ್ಚಬೇಕು. ಪರದೆ ಮಡಚಿ ಕಟ್ಟಿದ ಮೇಲೆ ಸರಿಹೋಯಿತು.

ಒಳಕೋಣೆಯ ಎಡಗದ ಬಿಟ್ಟಿದ್ದೇನೆ. ಅದು ತೆಗೆಯುವುದಿಲ್ಲ ಅಂತ ನೀನೇ ಹೇಳಿದ ಮೇಲೆ, ಮಗಳ ಮಂಚವನ್ನು ಬಾಗಿಲ ಪಕ್ಕದಿಂದ ಎಳೆದು ಅದರ ಕೆಳಗೇ ಹಾಕಿದೆ. ಮನೆಯಲ್ಲಿ ಎಲ್ಲಕ್ಕಿಂತ ಭದ್ರವಾದ ಮೂಲೆ ಅದೇ ತಾನೇ.

ಒಂದು ಸೆನ್ಸರ್ ಉಳಿಯಿತು. ಅದನ್ನು ಡಬ್ಬಿಯಲ್ಲಿ ಇಡಲು ಹೋದರೆ ಮಗಳು ಕೇಳಿ ತೆಗೆದುಕೊಂಡಳು. ಒಳಕೋಣೆಯ ಮರದ ಬೀರುವಿನ ಬಾಗಿಲಿಗೆ ಅವಳೇ ಅಳತೆ ಮಾಡಿ, ಅವಳೇ ಸ್ಕ್ರೂ ತಿರುಗಿಸಿದಳು. ನನ್ನ ಕೈ ಮುಟ್ಟಗೊಡಲಿಲ್ಲ. ಆ ದಿನದಿಂದ ಅವಳು ದೀಪ ಆರಿಸಿ ಮಲಗುತ್ತಿದ್ದಾಳೆ.

ಇನ್ನೊಂದು ಕೇಳುತ್ತೇನೆ. ಬರುವವನು ಅಪರಿಚಿತನಲ್ಲ ಅಂತ ಇಟ್ಟುಕೋ. ಮನೆಯ ಮೂಲೆ ಮೂಲೆ ಗೊತ್ತಿದೆ, ನಮ್ಮ ದಿನಚರಿ ಗೊತ್ತಿದೆ, ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆಯಬಲ್ಲ. ಅಂಥವನಿಗೆ ಏನು ಮಾಡಬೇಕು?

ಅಕ್ಕ

ಫೆಬ್ರವರಿ 11

ಅಕ್ಕಾ,

ಬೀರುವಿಗೆ ಸೆನ್ಸರ್ ಅಂತ ಓದಿ ನಾನೂ ಗುಮಾಸ್ತರೂ ಕೂಡಿ ನಕ್ಕೆವು. ನಿನ್ನ ಸೀರೆ ಕದಿಯಲು ಯಾರು ಬರುತ್ತಾರೆ? ಮೆಣಸಿನ ಕೆಲಸ ಅಂದ ಮೇಲೆ ಅದರಲ್ಲಿ ಏನೋ ತರಲೆ ಇರಲೇಬೇಕು. ನನಗೆ ಗೊತ್ತು ಅವಳಿಗೆ ಆ ಬೀರು ಯಾಕೆ ಇಷ್ಟ ಅಂತ. ನಾನು ನಿಮ್ಮ ಮನೆಯಲ್ಲಿ ಅಡಗಿದ್ದ ಆ ಮೂರನೇ ದಿನ, ಪೊಲೀಸರು ಬಾಗಿಲು ಬಡಿದಾಗ, ನಾವಿಬ್ಬರೂ ಅದರೊಳಗೇ ಅಲ್ಲವೇ ಕೂತದ್ದು. ಮಾತಾಡದ ಆಟ ಆಡೋಣ ಅಂದೆ, ತೊಡೆಯ ಮೇಲೆ ಕೂರಿಸಿಕೊಂಡೆ. ನಾಲ್ಕು ವರ್ಷದ ಮಗು, ಉಸಿರು ಸಹ ಬಿಡಲಿಲ್ಲ ನೋಡು. ಇಲ್ಲಿ ಮನಸ್ಸು ಕೆಟ್ಟಾಗಲೆಲ್ಲ ನನಗೆ ಅದೇ ನೆನಪಾಗುವುದು. ಲೋಕವೆಲ್ಲ ನನ್ನನ್ನು ಹುಡುಕುತ್ತಿರುವಾಗ ನನ್ನನ್ನು ಬಿಟ್ಟುಕೊಡದೆ ಇದ್ದದ್ದು ಆ ಒಂದು ಜೀವ.

ನೀನು ಕೇಳಿದ್ದು ಯಾರ ವಿಷಯ ಅಂತ ಅರ್ಥವಾಯಿತು. ನನ್ನ ಜೊತೆ ವ್ಯಾನು ಓಡಿಸುತ್ತಿದ್ದವನು ತಾನೇ? ಅವನು ಹೋದ ವರ್ಷವೇ ಹೊರಗೆ ಬಂದ. ಆ ಕಡೆ ಸುಳಿದಾಡಿದನಾ? ಹೆದರಬೇಡ. ಪ್ಯಾನೆಲ್ಲಿನಲ್ಲಿ ತಡದ ಸಮಯ ಅಂತ ಒಂದಿದೆ. ಬಾಗಿಲು ತೆರೆದ ಮೇಲೆ ಮನೆಯವರು ಕೋಡ್ ಒತ್ತಲಿ ಅಂತ ಮೂವತ್ತು ಸೆಕೆಂಡ್ ಸೈರನ್ ಸುಮ್ಮನಿರುತ್ತದೆ. ಅದನ್ನು ಹತ್ತಕ್ಕೆ ಇಳಿಸು. ಕಸುಬು ಗೊತ್ತಿದ್ದವನಿಗೆ ಮೂವತ್ತು ಸೆಕೆಂಡ್ ಅಂದರೆ ಧಾರಾಳ.

ಕೋಡಿನ ವಿಷಯದಲ್ಲಿ ನನ್ನದು ಒಂದೇ ನಿಯಮ. ಬಾಗಿಲಲ್ಲಿ ನಿಂತು ಯಾರಾದರೂ ಅತ್ತರೆ ಕರಗುವವರು ಮನೆಯಲ್ಲಿ ಒಬ್ಬರು ಇದ್ದೇ ಇರುತ್ತಾರೆ. ಅವರಿಗೆ ಕೋಡ್ ಗೊತ್ತಿರಬಾರದು. ನಾನು ಹುಡುಕುತ್ತಿದ್ದದ್ದು ಅಂಥವರನ್ನೇ. ಮೆಣಸಿಗೆ ಸದ್ಯಕ್ಕೆ ಹೇಳಬೇಡ.

ಫಾರಂ ಇನ್ನೂ ಬಂದಿಲ್ಲ. ಭಾವ ಅಡ್ಡಗಾಲು ಹಾಕುತ್ತಿದ್ದಾನೆ ಅಂತ ನನಗೆ ಗೊತ್ತಿಲ್ಲದೆ ಇಲ್ಲ. ಅವನಿಗೆ ನನ್ನ ಮುಖ ಕಂಡರೆ ಆಗುತ್ತಿರಲಿಲ್ಲ. ನೀನು ಸ್ವಲ್ಪ ಗಟ್ಟಿಯಾಗಿ ಮಾತಾಡು. ಅಮ್ಮ ಬಿಟ್ಟುಹೋದ ಮನೆ ಅದು, ಅವನದಲ್ಲ.

ತಮ್ಮ

ಫೆಬ್ರವರಿ 26

ತಮ್ಮಾ,

ತಡದ ಸಮಯವನ್ನು ಹತ್ತಕ್ಕೆ ಇಳಿಸಿದೆ. ಕೋಡಿನ ವಿಷಯದಲ್ಲೂ ನಿನ್ನ ನಿಯಮವನ್ನೇ ಇಟ್ಟುಕೊಂಡೆ. ಕೋಡ್ ಗೊತ್ತಿರುವುದು ಮಗಳಿಗೆ ಮಾತ್ರ. ನನಗೆ ಗೊತ್ತಿಲ್ಲ. ಆರು ಗಂಟೆಗೆ ಬಂದು ಗಂಟೆ ಒತ್ತುತ್ತೇನೆ, ಅವಳು ಬಾಗಿಲಿನ ತೂತಿನಿಂದ ನೋಡಿ, ಕೋಡ್ ಒತ್ತಿ, ಬಾಗಿಲು ತೆಗೆಯುತ್ತಾಳೆ. ಬೆಳಿಗ್ಗೆ ನಾನು ಮೊದಲು ಹೊರಡುತ್ತೇನೆ, ಅವಳು ಅಲಾರಂ ಹಾಕಿ ಬರುತ್ತಾಳೆ. ಅಂಗಡಿಯಲ್ಲಿ ಹೇಳಿದರೆ ನಕ್ಕರು, ಮನೆ ಯಜಮಾನಿಕೆ ಮಗಳಿಗೆ ಕೊಟ್ಟುಬಿಟ್ಟೆಯಾ ಅಂತ. ಕೊಟ್ಟುಬಿಟ್ಟೆ ಅಂದೆ.

ಭಾವನ ವಿಷಯ ಬಿಡು.

ಅವಳನ್ನು ಈಗ ಯಾರೂ ಮೆಣಸು ಅನ್ನುವುದಿಲ್ಲ.

ಏಪ್ರಿಲಿನಲ್ಲಿ ಯಾವ ತಾರೀಖು?

ಅಕ್ಕ

ಮಾರ್ಚ್ 6

ಅಕ್ಕಾ,

ತಾರೀಖು ಕೇಳಿದೆಯಲ್ಲ, ಅಷ್ಟು ಸಾಕು, ನನ್ನ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಇಪ್ಪತ್ತೆಂಟು, ಸೋಮವಾರ. ಬೆಳಿಗ್ಗೆ ಹತ್ತಕ್ಕೆ ಬಿಡುತ್ತಾರಂತೆ. ಬಸ್ಸು ಹಿಡಿದರೆ ಮೂರೂವರೆಗೆಲ್ಲ ಮನೆಯಲ್ಲಿರುತ್ತೇನೆ. ನೀನು ರಜೆ ಹಾಕಬೇಡ, ಮೆಣಸು ಇರುತ್ತಾಳಲ್ಲ, ತೂತಿನಿಂದ ನೋಡಿದರೆ ಗುರುತು ಹಿಡಿಯುತ್ತಾಳೆ. ನಾನೇನೂ ಅಷ್ಟು ಬದಲಾಗಿಲ್ಲ, ಕೂದಲು ಹೋಗಿದೆ ಅಷ್ಟೇ.

ಕೋಡ್ ಮಗುವಿನ ಕೈಗೆ ಕೊಟ್ಟದ್ದು ಓದಿ ಬೇಸರವಾಯಿತು. ನಾನು ಹೇಳಿದ್ದನ್ನು ತಲೆಕೆಳಗು ಮಾಡಿಕೊಂಡಿದ್ದೀಯ. ಇರಲಿ, ಬಂದ ಮೇಲೆ ನಾನೇ ಎಲ್ಲ ಒಂದು ಸಲ ನೋಡುತ್ತೇನೆ.

ಒಳಕೋಣೆಯಲ್ಲಿ ನೆಲದ ಮೇಲೆ ಹಾಸಿಕೊಂಡರೂ ನನಗೆ ಸಾಕು. ಇಲ್ಲಿ ಹದಿನಾಲ್ಕು ಜನರ ಗೊರಕೆ ಕೇಳಿ ಕೇಳಿ ಒಬ್ಬನೇ ಮಲಗುವುದು ನನಗೆ ಮರೆತೇ ಹೋಗಿದೆ. ಬಡಗಿ ಕೋಣೆಯಲ್ಲಿ ಮೆಣಸಿಗೆ ಅಂತ ಓದುವ ಮೇಜು ಮಾಡುತ್ತಿದ್ದೇನೆ. ಕಾಲುಗಳು ಆಗಿವೆ. ಎತ್ತರ ಗೊತ್ತಾಗಲಿಲ್ಲ, ಅವಳು ಈಗ ನಿನ್ನ ಭುಜಕ್ಕೆ ಬರುತ್ತಾಳೋ, ಕಿವಿಗೋ? ಬರೆ.

ಫಾರಂ ತಿಂಗಳ ಕೊನೆಯೊಳಗೆ ಬರಬೇಕು.

ತಮ್ಮ

ಮಾರ್ಚ್ 29

ಅಕ್ಕಾ,

ನೀನು ಉತ್ತರ ಬರೆಯಲಿಲ್ಲ. ಬರೆಯದೇ ಇದ್ದದ್ದೇ ಒಳ್ಳೆಯದಾಯಿತು, ಇನ್ನೊಂದು ಸುಳ್ಳು ತಪ್ಪಿತು.

ಬಿಡುಗಡೆಯ ವಿಚಾರಣೆಗೆ ಮನೆ ಮನೆಗೆ ಹೋಗಿ ಬರುವ ಅಧಿಕಾರಿಣಿ ನಿನ್ನೆ ನನ್ನನ್ನು ಕರೆಸಿ ವರದಿ ಓದಿ ಹೇಳಿದರು. ಅವರು ನಿಮ್ಮ ಮನೆಗೆ ಬಂದಾಗ ಭಾವನೂ ಇದ್ದನಂತೆ. "ನಂದೇನೂ ಅಭ್ಯಂತರ ಇಲ್ಲ, ಮಾಡಿದ್ದು ಅನುಭವಿಸಿದ್ದಾನೆ, ಬರಲಿ" ಅಂದನಂತೆ. ಯಾರನ್ನು ನಾನು ಎಂಟು ವರ್ಷ ಬೈದುಕೊಂಡು ಕೂತಿದ್ದೆನೋ ಅವನು. ಆಮೇಲೆ ನನ್ನ ಒಡಹುಟ್ಟಿದವಳು ಹೇಳಿದಳಂತೆ, "ಇಲ್ಲಿ ಜಾಗ ಇಲ್ಲ, ಬರೆದುಕೊಳ್ಳಿ."

ಜಾಗ ಇಲ್ಲವೇ? ನಾನು ಹುಟ್ಟಿದ ಮನೆ ಅದು.

ಈಗ ನಿನ್ನ ಪತ್ರಗಳನ್ನೆಲ್ಲ ಮತ್ತೆ ಓದಿದೆ. ಮನೆಯ ಮೂಲೆ ಮೂಲೆ ಗೊತ್ತಿರುವವನು, ಹೆಸರು ಹಿಡಿದು ಕರೆಯುವವನು. ನನ್ನನ್ನು ಹೊರಗಿಡುವುದಕ್ಕೆ ನನ್ನ ಹತ್ತಿರವೇ ಪಾಠ ಹೇಳಿಸಿಕೊಂಡೆಯಲ್ಲ. ನಾನೊಬ್ಬ ಪೆದ್ದ, ಕಿರುಬೆರಳಿನ ಅಳತೆ ಸಮೇತ ಹೇಳಿಕೊಟ್ಟೆ. ಇಲ್ಲಿ ಎಲ್ಲರ ಮುಂದೆ ಮೆರೆದೆ. ನನ್ನ ಮಾನ ಹೋಯಿತು.

ಆದರೆ ಒಂದು ತಿಳಿದುಕೋ. ನಾನು ಹೇಳಿಕೊಟ್ಟದ್ದು ನನಗೆ ಗೊತ್ತಿರುವುದೆಲ್ಲ ಅಲ್ಲ.

■■■■■■■■■■■■■■■■■■■■■■
■■■■■■■■■■■■■■■■■■■■■■
■■■■■■■■■■■■■■■■■■■■■■

ಎರಡು ವರ್ಷ ದೊಡ್ಡದೇನಲ್ಲ. ಆಮೇಲೆ ಫಾರಂ ಇಲ್ಲ, ನಿನ್ನ ಸಹಿಯೂ ಬೇಕಿಲ್ಲ.

ಏಪ್ರಿಲ್ 8

ತಮ್ಮಾ,

ನಿನ್ನ ಪತ್ರದ ಮೂರು ಸಾಲಿಗೆ ಕಪ್ಪು ಮಸಿ ಬಳಿದು ಕಳಿಸಿದ್ದಾರೆ. ಬೆಳಕಿಗೆ ಹಿಡಿದು ನೋಡಿದೆ, ಹಿಂದಿನಿಂದ ನೋಡಿದೆ, ಒಂದಕ್ಷರ ಕಾಣಲಿಲ್ಲ. ಮಸಿಯ ಹಿಂದೂ ಮುಂದೂ ಇರುವುದನ್ನು ಓದಿದರೆ ಸಾಕು, ಒಳಗೇನಿರಬಹುದು ಅಂತ ತಿಳಿಯುತ್ತದೆ.

ನಾನು ನಿನಗೆ ಮೋಸ ಮಾಡಿದೆ ಅಂತ ಒಪ್ಪಿಕೊಳ್ಳುತ್ತೇನೆ. ಪ್ರೂಫ್ ನೋಡುವವರ ಮನೆಗೆ ಕಳ್ಳರು ನುಗ್ಗಿದ್ದು ನಿಜ, ಆದರೆ ಕಿಟ್ ತರಿಸಿದ್ದು ಅದಕ್ಕಲ್ಲ. ನಿನ್ನ ಫಾರಂ ಬಂದ ಮರುದಿನ ತರಿಸಿದೆ. ಭಾವ ಒಪ್ಪುತ್ತಿಲ್ಲ ಅಂತ ನೀನು ಅಂದುಕೊಂಡಾಗ ಸುಮ್ಮನಿದ್ದೆ, ಅದು ನನಗೆ ಅನುಕೂಲವಾಯಿತು. ಅವರಿಗೆ ಏನೂ ಗೊತ್ತಿಲ್ಲ. ಅವರು ಆಗ ಲಾರಿಯಲ್ಲಿದ್ದರು, ನಾನು ಇವತ್ತಿನವರೆಗೂ ಹೇಳಿಲ್ಲ. ಈಗ ನಿನಗೆ ಹೇಳುತ್ತೇನೆ. ನಿನ್ನ ಗುಮಾಸ್ತರೂ ಓದಲಿ.

ಅದು ಆಟವಾಗಿರಲಿಲ್ಲ. ಪೊಲೀಸರು ಹೋದ ಮೇಲೆ ಬೀರು ತೆರೆದೆನಲ್ಲ, ಅವಳ ತುಟಿ ನೀಲಿಯಾಗಿತ್ತು. ನಿನ್ನ ಕೈ ಇನ್ನೂ ಅವಳ ಬಾಯಿ ಮೂಗಿನ ಮೇಲೇ ಇತ್ತು. ನಾನೇ ಬೆರಳು ಬೆರಳು ಬಿಡಿಸಿದೆ. ಬೆನ್ನಿಗೆ ಹೊಡೆದು, ನೀರು ಚಿಮುಕಿಸಿ, ಅವಳು ಉಸಿರೆಳೆಯುವಷ್ಟರಲ್ಲಿ ನೀನು ಹಿತ್ತಿಲಿನಿಂದ ಹೋಗಿಯಾಗಿತ್ತು. ತುಟಿಯ ಒಳಗೆ ಅವಳ ಹಲ್ಲೇ ನಾಟಿ ನಾಲ್ಕು ಗಾಯ. ವೈದ್ಯರ ಹತ್ತಿರ ಮೆಟ್ಟಿಲಿನಿಂದ ಬಿದ್ದಳು ಅಂದೆ. ಏಳು ತಿಂಗಳು ಮಗು ಮಾತಾಡಲಿಲ್ಲ. ಈಗ ಹನ್ನೆರಡು ವರ್ಷ, ಮುಖ ತೊಳೆಯುವಾಗ ತನ್ನ ಕೈಯನ್ನೇ ಮುಖದ ಮೇಲೆ ತಂದುಕೊಳ್ಳಲು ಹೆದರುತ್ತಾಳೆ, ಬಟ್ಟೆ ಅದ್ದಿ ಒರೆಸಿಕೊಳ್ಳುತ್ತಾಳೆ. ಬೀರುವಿನ ಬಾಗಿಲು ತನ್ನಷ್ಟಕ್ಕೆ ತೆರೆದುಕೊಂಡರೆ ಗೊತ್ತಾಗಬೇಕು ಅಂತ ಆ ಆರನೇ ಸೆನ್ಸರ್ ಹಾಕಿಕೊಂಡಳು. ನೀವಿಬ್ಬರೂ ಕೂಡಿ ನಕ್ಕಿರಿ.

ಇದಕ್ಕಿಂತ ಕೆಟ್ಟದ್ದು ಒಂದಿದೆ. ಆ ಹೊತ್ತಿನಲ್ಲಿ ನಾನು ಎಲ್ಲಿದ್ದೆ? ಮುಂಬಾಗಿಲಲ್ಲಿ. ಪೊಲೀಸಿನವನು ಕೇಳಿದ, "ಒಳಗೆ ಯಾರಿದ್ದಾರಮ್ಮ?" ನಾನು ಅಂದೆ, "ಯಾರೂ ಇಲ್ಲ." ಅವನು ಹೋಗಲು ತಿರುಗಿದವನು ಮತ್ತೆ ನಿಂತು ನೀರು ಕೇಳಿದ. ನಾನು ಒಳಗೆ ಹೋಗಿ ನೀರು ತಂದುಕೊಟ್ಟೆ, ಅವನು ನಿಧಾನವಾಗಿ ಕುಡಿದ, ನಾನು ಲೋಟ ವಾಪಸ್ ತೆಗೆದುಕೊಂಡೆ. ಎಂಟು ಹೆಜ್ಜೆ ದೂರದಲ್ಲಿ ನನ್ನ ಮಗು ಸಾಯುತ್ತಿತ್ತು. ನಾನು ನಿನ್ನನ್ನು ಉಳಿಸುತ್ತಿದ್ದೆ.

ಕೋಡ್ ಯಾಕೆ ನನಗೆ ಗೊತ್ತಿಲ್ಲ ಅಂತ ಈಗ ತಿಳಿಯಿತೇ? ನಾನು ನಿನ್ನ ನಿಯಮವನ್ನು ತಲೆಕೆಳಗು ಮಾಡಿಕೊಂಡಿಲ್ಲ. ಬಾಗಿಲಲ್ಲಿ ನೀನು ನಿಂತು ಅಕ್ಕಾ ಅಂದರೆ ಕರಗುವವಳು ಈ ಮನೆಯಲ್ಲಿ ಒಬ್ಬಳೇ. ಈಗಲೂ ಕರಗುತ್ತೇನೆ. ಮೇಜು ಮಾಡುತ್ತಿದ್ದೇನೆ ಅಂತ ನೀನು ಬರೆದದ್ದನ್ನು ಓದಿ ಆ ದಿನ ಅಂಗಡಿಯಲ್ಲಿ ಮೂರು ಪುಸ್ತಕದ ಬೆನ್ನು ತಿರುಗುಮುರುಗು ಅಂಟಿಸಿದೆ. ನೀನು ನನ್ನ ತಮ್ಮ ಅನ್ನುವುದು ಎಲ್ಲಿ ಹೋಗುತ್ತದೆ? ಆದರೆ ಒಂದು ಸಲ ನಿನ್ನನ್ನು ಆರಿಸಿಕೊಂಡೆ, ಇನ್ನೊಂದು ಸಲ ಆಗುವುದಿಲ್ಲ.

ಫಾರಂ ಇದರ ಜೊತೆ ಕಳಿಸುತ್ತಿದ್ದೇನೆ. ಸಹಿ ಇಲ್ಲ.

ಅಕ್ಕ

ಏಪ್ರಿಲ್ 25

ಅಕ್ಕಾ,

ಮೊದಲು, ಇಲ್ಲ, ನೀನು ಸುಳ್ಳು ಹೇಳುತ್ತಿದ್ದೀಯ ಅಂತ ಒಂದು ಬರೆದೆ. ಕೊಡಲು ಹೋದಾಗ ಗುಮಾಸ್ತರು ಓದಿ, "ಇದು ಹೋಗಲೇಬೇಕಾ?" ಅಂದರು. ಅವರು ಹಾಗೆ ಯಾವತ್ತೂ ಕೇಳಿದವರಲ್ಲ. ಹರಿದು ಹಾಕಿದೆ.

ನನಗೆ ಗೊತ್ತಿತ್ತು ಅಕ್ಕಾ. ಅವಳು ಮೊದಲು ಒದೆಯುತ್ತಿದ್ದಳು, ಆಮೇಲೆ ಒದೆಯುವುದು ನಿಂತಿತು. ನಿಂತದ್ದು ನನಗೆ ತೊಡೆಯ ಮೇಲೆ ಗೊತ್ತಾಯಿತು. ಆದರೂ ಕೈ ತೆಗೆಯಲಿಲ್ಲ, ಹೊರಗೆ ಲೋಟದ ಸದ್ದು ಕೇಳುತ್ತಿತ್ತು. ಅದನ್ನು ಆಟ ಅಂತ ನನಗೆ ನಾನೇ ಹೇಳಿಕೊಂಡು ಹೇಳಿಕೊಂಡು, ಕೊನೆಗೆ ಆಟವೇ ಮಾಡಿಬಿಟ್ಟಿದ್ದೆ. ಅಷ್ಟು ಚೆನ್ನಾಗಿ ಮಾಡಿದ್ದೆ ಅಂದರೆ ನಿನಗೇ ಬರೆದು ಕಳಿಸಿದೆ.

ಬಿಡುಗಡೆಯ ಅರ್ಜಿ ವಾಪಸ್ ತೆಗೆದುಕೊಂಡಿದ್ದೇನೆ. ನೀನು ಸಹಿ ಹಾಕಲಿಲ್ಲ ಅಂತಲ್ಲ, ನಾನೇ ಬೇಡ ಅಂದೆ ಅಂತ ಬರೆಸಿದ್ದೇನೆ. ನಿನ್ನ ಹೆಸರಿನ ಮುಂದೆ ಏನೂ ಇರಬಾರದು.

ಇನ್ನು ಮುಖ್ಯ ವಿಷಯ. ಇದಕ್ಕೆ ಮಸಿ ಬಳಿಯಬೇಡಿ ಅಂತ ಗುಮಾಸ್ತರ ಕೈಕಾಲು ಹಿಡಿದಿದ್ದೇನೆ. ಹೋದ ಸಲ ಅವರು ಬಳಿದ ಮೂರು ಸಾಲಿನಲ್ಲಿ ನಾನು ಬರೆದದ್ದು, ನಿನ್ನ ಅಲಾರಂ ಒಂದು ಸಲವೂ ಕೂಗದ ಹಾಗೆ ನಾನು ಒಳಗೆ ಬರಬಲ್ಲೆ ಅಂತ. ಹೆದರಿಸಲು ಬರೆದದ್ದು, ಆದರೆ ಅದು ಸುಳ್ಳಲ್ಲ.

ಒಳಕೋಣೆಯ ಎಡಗಡೆ ಕದ ತೆಗೆಯುತ್ತದೆ. ನಿಮ್ಮ ಮನೆಯಲ್ಲಿದ್ದ ಎರಡನೇ ದಿನ, ನೀನು ಅಂಗಡಿಗೆ ಹೋಗಿದ್ದಾಗ, ಅಪ್ಪ ಹೊಡೆದ ಮೊಳೆಗಳನ್ನು ಕಿತ್ತೆ. ತಲೆಗಳನ್ನಷ್ಟೇ ಕತ್ತರಿಸಿ ಅದೇ ತೂತುಗಳಲ್ಲಿ ಕೂರಿಸಿ, ಮೇಣ ತುಂಬಿ, ಬಣ್ಣ ಹಚ್ಚಿದೆ. ಹೊರಗಿನಿಂದ ಕೆಳಗಡೆ ಮೂಲೆಯಲ್ಲಿ ಅಂಗೈ ಇಟ್ಟು ತಳ್ಳಿದರೆ ಸಾಕು. ಆಗ ಅದನ್ನು ಮಾಡಿದ್ದು ತಪ್ಪಿಸಿಕೊಳ್ಳಲು. ಆದರೆ ಜನವರಿಯಲ್ಲಿ ನೀನು ಸಲಹೆ ಕೇಳಿದಾಗ, ಅದೊಂದನ್ನು ಬಿಡು ಅಂತ ನಾನು ಬರೆದದ್ದು ಮರೆತಲ್ಲ. ಮನೆ ನನ್ನದೂ ಹೌದು, ನನಗೂ ಒಂದು ದಾರಿ ಇರಲಿ ಅಂದುಕೊಂಡೆ. ಇನ್ನೂರು ಮನೆಗಳಲ್ಲೂ ನಾನು ಹಾಗೇ ಮಾಡುತ್ತಿದ್ದೆ, ಒಂದು ಕಡೆ ಬಿಡುತ್ತಿದ್ದೆ. ಕೈಗೆ ಅದು ಅಭ್ಯಾಸವಾಗಿ ಹೋಗಿದೆ.

ಮಗಳ ಮಂಚ ಅದರ ಕೆಳಗೇ ಹಾಕಿದೆ ಅಂತ ನೀನು ಫೆಬ್ರವರಿಯಲ್ಲಿ ಬರೆದಿದ್ದೆ. ಅದನ್ನು ಓದಿದೆ. ಓದಿಯೂ ಸುಮ್ಮನಿದ್ದೆ.

ಇವತ್ತೇ ಮುಚ್ಚಿಸು. ಮಂಚ ಅಲ್ಲಿಂದ ತೆಗೆ.

ತಮ್ಮ

ಮೇ 6

ತಮ್ಮಾ,

ನಿನ್ನ ಪತ್ರ ಶುಕ್ರವಾರ ಸಿಕ್ಕಿತು. ಮಸಿ ಇರಲಿಲ್ಲ. ಗಂಟೆ ಒತ್ತುವ ಮೊದಲು ಹಿತ್ತಿಲಿಗೆ ಸುತ್ತುಹಾಕಿ ಹೋಗಿ, ನೀನು ಹೇಳಿದ ಮೂಲೆಯಲ್ಲಿ ಅಂಗೈ ಇಟ್ಟು ತಳ್ಳಿದೆ. ಜೋರಾಗಿಯೂ ತಳ್ಳಲಿಲ್ಲ. ಕದ ಒಳಗೆ ಹೋಯಿತು, ಅಲಾರಂ ಕೂಗಲಿಲ್ಲ. ಮಂಚದ ಮೇಲೆ ಕೂತು ಲೆಕ್ಕ ಮಾಡುತ್ತಿದ್ದ ಮಗಳ ತಲೆ ನನ್ನ ಕೈಗೆ ಒಂದು ಗೇಣು ದೂರದಲ್ಲಿತ್ತು. ಅವಳು ತಿರುಗಿ ನೋಡಿದಳು. ಕಿರುಚಲಿಲ್ಲ. ಬಾಯಿ ತೆರೆದಳು, ಸದ್ದು ಬರಲಿಲ್ಲ. ನಾನು ಅಂತ ಗುರುತಾಗಲು ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಆ ಮುಖವನ್ನು ನಾನು ಇನ್ನೊಂದು ಸಲ ನೋಡಲಾರೆ.

ಅವಳಿಂದ ಮುಚ್ಚಿಡಲು ಆಗಲಿಲ್ಲ. ಪತ್ರ ಅವಳೇ ಓದಿದಳು. ಎಲ್ಲ ಪತ್ರಗಳನ್ನೂ ಕೇಳಿ ತೆಗೆದುಕೊಂಡು ಓದಿದಳು.

ಶನಿವಾರ ಅಂಗಡಿಯಿಂದ ದಪ್ಪ ಹಲಗೆ ತಂದು ಕದಕ್ಕೆ ಅಡ್ಡ ಇಟ್ಟು ಹತ್ತು ಸ್ಕ್ರೂ ಹಾಕಿದೆ. ಬೀರುವಿನ ಸೆನ್ಸರನ್ನು ಕಿತ್ತು ಇದಕ್ಕೆ ಹಾಕೋಣವೇ ಅಂದೆ. ಬೇಡ ಅಂದಳು. ಇನ್ನೊಂದು ತರಿಸಿದ್ದೇನೆ. ಮಂಚ ಈಗ ಹಾಲಿನ ನಡುವೆ ಇದೆ, ಯಾವ ಗೋಡೆಗೂ ತಾಗದ ಹಾಗೆ. ನಾನು ಪಕ್ಕದಲ್ಲಿ ಚಾಪೆ ಹಾಸಿಕೊಳ್ಳುತ್ತೇನೆ.

ನೀನು ಬರೆಯದೇ ಇರಬಹುದಿತ್ತು. ಅದು ನನಗೆ ಗೊತ್ತಾಗದೆ ಇಲ್ಲ. ಎರಡು ವರ್ಷ ಒಳಗಿರಲು ನೀನೇ ಒಪ್ಪಿಕೊಂಡದ್ದು ಓದಿ ಅತ್ತೆ. ಮರುಕ್ಷಣವೇ, ಇದರಲ್ಲೂ ಏನಾದರೂ ಇದೆಯೋ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನನ್ನ ಮೇಲೇ ಅಸಹ್ಯವಾಯಿತು, ಆದರೆ ಅನ್ನಿಸುವುದು ನಿಲ್ಲಲಿಲ್ಲ.

ಭಾನುವಾರ ಮಗಳು ಒಂದು ಕಾಗದ ಹಿಡಿದು ಮನೆಯೆಲ್ಲ ಸುತ್ತಿದಳು. ಪ್ರತಿ ಕದ, ಪ್ರತಿ ಚಿಲಕ, ಹೆಂಚು, ಬಚ್ಚಲಿನ ತೂತು, ಒಂದೊಂದನ್ನೂ ತಳ್ಳಿ ಎಳೆದು ನೋಡಿ ಬರೆದುಕೊಂಡಳು. ಸಂಜೆ ನನ್ನ ಮುಂದೆ ಬಂದು ನಿಂತು ಕೇಳಿದಳು, "ಅಮ್ಮ, ಅವರು ಇಲ್ಲಿ ಮೂರು ದಿನ ಇದ್ದರಲ್ಲ. ಇದು ಎರಡನೇ ದಿನದ್ದು. ಮೊದಲನೇ ದಿನ ಏನು ಮಾಡಿದ್ರು?"

ಮೊದಲನೇ ದಿನವೂ ನಾನು ಅಂಗಡಿಗೆ ಹೋಗಿದ್ದೆ.

ಇನ್ನೇನೂ ಇಲ್ಲ ಅಂತ ಒಂದು ಸಾಲು ಬರೆದು ಕಳಿಸು. ನಾವು ನಂಬುವುದಿಲ್ಲ. ಆದರೂ ಬರೆ.

ಅಕ್ಕ